ಕಿರುಬೆರಳಿನ ಗುರುತು

ನರ್ಸ್ ಪುಷ್ಪಲತಾ ಎತ್ತರದಿಂದ ಬಿಟ್ಟ ಪೋಲಿಯೋ ಹನಿ ಕೂಸಿನ ಬಾಯಿಗೆ ಬೀಳದೆ ಕೆನ್ನೆಯ ಮೇಲೆ ಜಾರಿತು. ಊರೊಳಗಿನ ಮಕ್ಕಳಿಗೆ ಗದ್ದ ಹಿಡಿದು ಹನಿ ಹಾಕಿದ್ದ ಆಕೆ ಮಾದಿಗರ ಕೇರಿಯ ಹುಲಿಗೆಮ್ಮನ ಮಗಳನ್ನು ಮುಟ್ಟಿರಲಿಲ್ಲ.

ಹನಿ ಹಾಕಿದ ಮೇಲೆ ಕಿರುಬೆರಳಿಗೆ ಶಾಯಿ ಹಚ್ಚಬೇಕು. ಅದಕ್ಕೆ ಬೆರಳು ಹಿಡಿಯಬೇಕು. ಪುಷ್ಪಲತಾ ಪೆನ್ನನ್ನು ಶಾಲೆಯ ಕಟ್ಟೆಯ ಅಂಚಿಗಿಟ್ಟು ಹಿಂದೆ ಸರಿದಳು. “ನೀನ ಹಚ್ಚಿಬಿಡು. ಹರಪನಹಳ್ಳಿ ಬಸ್ಸಿನ ಹೊತ್ತಾತು.”

ಹುಲಿಗೆಮ್ಮ ಪೆನ್ನು ತೆಗೆದುಕೊಂಡಳು, ಮುಚ್ಚಳ ಬಿಚ್ಚಲಿಲ್ಲ. ಸೆರಗಿನಿಂದ ಮಗಳ ಕೆನ್ನೆ ಒರೆಸಿದಳು. “ಹನಿ ಬಾಯಾಗ ಬಿದ್ದಿಲ್ರಿ ಅಮ್ಮಾರ. ಗದ್ದ ಹಿಡಿದು ಹಾಕ್ರಿ. ಆಮ್ಯಾಲ ಹಚ್ಚತೀನಿ.”

“ಬಿದ್ದೈತಿ ಬಿಡು. ಪೆನ್ನು ಅಲ್ಲಿಡು.”

ಹುಲಿಗೆಮ್ಮ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ನಿಂತಳು. ಹಿಂದೆ ಊರಿನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಾಯುತ್ತಿದ್ದರು. ಇದ್ದದ್ದು ಅದೊಂದೇ ಪೆನ್ನು.