ಕತ್ತರಿ ಐಕಾನ್

ಅಳತೆ ಕೊಟ್ಟರೆ ಕಂಪ್ಯೂಟರ್ ಪರದೆಯ ಮೇಲೆ ರವಿಕೆಯ ನಕ್ಷೆ ಬಿಡಿಸುವ ಪ್ರೋಗ್ರಾಮೊಂದನ್ನು ಪದ್ಮನಾಭ ಪಕ್ಕದ ಟೈಲರಿಂಗ್ ಅಂಗಡಿಯ ವಿಶಾಲಾಕ್ಷಿಗೆ ಬರೆದುಕೊಟ್ಟಿದ್ದ. ಆದರೆ ಅದನ್ನು ಶುರು ಮಾಡಲು ಕಪ್ಪು ಪರದೆಯಲ್ಲಿ ಏನೇನೋ ಟೈಪ್ ಮಾಡಬೇಕಿತ್ತು. ದಿನಾ ಬೆಳಿಗ್ಗೆ ಅವಳು ಫೋನ್ ಮಾಡುವಳು, ಇವನು ಹೋಗಿ ಶುರು ಮಾಡಿಕೊಟ್ಟು, ಕಾಫಿ ಕುಡಿದು ಬರುವನು.

ದಿನಾ ಕರೆಯಲು ಪಾಪ ಅವಳಿಗೆಷ್ಟು ಸಂಕೋಚವೋ ಎಂದುಕೊಂಡ ಪದ್ಮನಾಭ, ಭಾನುವಾರವಿಡೀ ಕೂತು ಅದನ್ನು ಸಲೀಸಾಗಿ ಇನ್‌ಸ್ಟಾಲ್ ಮಾಡುವಂಥ ಪ್ಯಾಕೇಜ್ ಮಾಡಿದ. ಸೋಮವಾರ ಅವಳ ಕಂಪ್ಯೂಟರಿಗೆ ಹಾಕಿ, ಕತ್ತರಿ ಚಿತ್ರದ ಐಕಾನ್ ತೋರಿಸಿದ.

“ಇದರ ಮೇಲೆ ಎರಡು ಸಲ ಒತ್ತಿದ್ರೆ ಸಾಕು. ಇನ್ಮೇಲೆ ನನ್ನ ಕರೆಯೋದೇ ಬೇಡ ನೋಡಿ!”

“ಓ, ಹೌದಾ?” ಎಂದಳು ವಿಶಾಲಾಕ್ಷಿ. ಅವಳ ಮುಖ ಸಣ್ಣಗಾಯಿತು.

ಮರುದಿನ ಬೆಳಿಗ್ಗೆಯೇ ಅವಳ ಫೋನ್ ಬಂತು.

“ಸ್ವಲ್ಪ ಬರ್ತೀರಾ? ಅದು ಕೆಲಸ ಮಾಡ್ತಿಲ್ಲ.”

ಪದ್ಮನಾಭ ಚಪ್ಪಲಿ ಮೆಟ್ಟುತ್ತಲೇ ಕೇಳಿದ: “ಎಲ್ಲಾ ಟೆಸ್ಟ್ ಮಾಡಿದ್ದೆನಲ್ರೀ! ಐಕಾನ್ ಒತ್ತಿದ್ರೆ ಏನು ಬರುತ್ತೆ?”

“ಒತ್ತೋಕೆ ಐಕಾನೇ ಇಲ್ಲ.”

“ಇಲ್ವಾ? ಅದು ಹೇಗೆ ಮಾಯ ಆಗುತ್ತೆ? ನೀವೇನು ಮಾಡಿದ್ರಿ?”

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ನಿನ್ನೆ ನೀವು ಮೆಟ್ಟಿಲು ಇಳಿಯೋ ಮುಂಚೇನೇ ಅನ್‌ಇನ್‌ಸ್ಟಾಲ್ ಮಾಡ್ಬಿಟ್ಟೆ.”