ಹೆಂಡತಿಗೂ ಹೇಳಬಾರದು

ಪತ್ರದ ಕೊನೆಯ ಸಾಲನ್ನು ಡಂಕನ್ ಟ್ರೆಲೋರ್ ಮೂರು ಸಲ ಓದಿದ. ‘ಈ ವಿಚಾರಣೆಯ ಬಗ್ಗೆ ತಾವು ಯಾರೊಂದಿಗೂ, ಕುಟುಂಬದವರೊಂದಿಗೂ ಸಹ, ಮಾತಾಡತಕ್ಕದ್ದಲ್ಲ.’ ಕೆಳಗೆ ವಿಶ್ವವಿದ್ಯಾಲಯದ ಕುಲಸಚಿವರ ಸಹಿ. ಉತ್ತರ ಕೊಡಲು ಐದು ದಿನದ ಗಡುವು. ಹೊರಗೆ ಹೆಂಡತಿಯ ಕಾರು ನಿಂತಿತು. ಪತ್ರವನ್ನು ಮಡಚಿ ತನ್ನ ರಬ್ಬರ್ ಬೂಟಿನೊಳಗೆ ತುರುಕಿದ.

ಆ ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಿ ಪೋರ್ಟ್ ಆರ್ಡನ್ ಕೊಲ್ಲಿಯ ತಳಕ್ಕೆ ಇಪ್ಪತ್ತೆರಡು ವರ್ಷ ಮುಳುಗಿ ಎದ್ದವನು ಅವನು. ಅಲ್ಲಿನ ಕಡಲಹುಲ್ಲು ಅವನ ಜೀವಮಾನದ ಅಧ್ಯಯನ. ಬಂದರು ಕಂಪನಿ ಹೂಳೆತ್ತಲು ಹೊರಟಾಗ ಹುಲ್ಲಿಗೆ ಏನೂ ಆಗದೆಂದು ವಿಶ್ವವಿದ್ಯಾಲಯ ವರದಿ ಕೊಟ್ಟಿತು. ಆ ವಿಶ್ವವಿದ್ಯಾಲಯದ ಹೊಸ ಪ್ರಯೋಗಾಲಯ ಕಟ್ಟಿಸಿಕೊಟ್ಟದ್ದು ಅದೇ ಕಂಪನಿ. ಡಂಕನ್ ಪತ್ರಿಕೆಯವರಿಗೆ ನೇರವಾಗಿ ಹೇಳಿದ: “ಹುಲ್ಲು ಆಗಲೇ ಸಾಯ್ತಿದೆ. ಅದನ್ನ ಮೇಯೋ ಕಡಲಹಸುಗಳು ಬಡಕಲಾಗಿವೆ. ನಮ್ಮ ವರದಿ ನಂಬಬೇಡಿ.”

ಅವನು ಸುಳ್ಳು ಹೇಳಿದನೆಂದು ಯಾರೂ ಅನ್ನಲಿಲ್ಲ. ಆರೋಪ ಬೇರೆಯೇ ಇತ್ತು: ಸಹೋದ್ಯೋಗಿಗಳಿಗೆ ಅಗೌರವ.

ಹೆಸ್ಟರ್ ಒಳಗೆ ಬಂದು ಚಹಾಕ್ಕೆ ನೀರಿಟ್ಟಳು. ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಂಡ ಹೆಸ್ಟರ್ ಬ್ಲೈತ್, ಪೇಟೆಯ ದೊಡ್ಡ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ಉಯಿಲು, ಆಸ್ತಿಪತ್ರ, ವಿಚ್ಛೇದನ, ಹೀಗೆ ಊರಿನ ಗುಟ್ಟೆಲ್ಲ ಅವಳ ಬೆರಳಡಿ ಹಾದುಹೋಗುತ್ತಿತ್ತು. ಮನೆಗೆ ಒಂದು ಮಾತೂ ಬರುತ್ತಿರಲಿಲ್ಲ.

“ಹೆಸ್ಟರ್, ಒಂದು ವಿಷಯ...”

“ಬೇಡ.” ಅವಳು ತಿರುಗಲಿಲ್ಲ. “ದಮ್ಮಯ್ಯ, ಏನೂ ಹೇಳಬೇಡ.”

ಅವನ ಮುಖ ಬಿಗಿದುಕೊಂಡಿತು. ಪತ್ರಿಕೆಗೆ ಹೋದದ್ದು ಇವಳಿಗೂ ಸೇರಲಿಲ್ಲ ಅಂದುಕೊಂಡ.

ಐದನೆಯ ದಿನ ಉತ್ತರ ಕಳಿಸಿದ. ಮಾರನೆಯ ವಾರ ಇನ್ನೊಂದು ಪತ್ರ ಬಂತು. ಹಳೆಯ ಶಿಷ್ಯನೊಬ್ಬನಿಗೆ ವಿಶ್ವವಿದ್ಯಾಲಯದ ಇಮೇಲಿನಲ್ಲಿ ‘ಬಾಯಿಗೆ ಬೀಗ ಹಾಕಿದ್ದಾರೆ’ ಎಂದು ಬರೆದಿದ್ದ. ಆ ಸಾಲೇ ಈಗ ಎರಡನೆಯ ಆರೋಪ. ಕೊಲ್ಲಿಯ ಬಗ್ಗೆಯೂ ಇನ್ನು ಮಾತಾಡಬಾರದೆಂಬ ಆದೇಶ ಜೊತೆಗಿತ್ತು. ಅಂಚೆಪೆಟ್ಟಿಗೆ, ದೂರವಾಣಿ, ನೆರೆಯವನ ‘ಏನ್ ಸಮಾಚಾರ’, ಎಲ್ಲದರಲ್ಲೂ ಅವನಿಗೆ ಕಿವಿ ಕಾಣತೊಡಗಿತು. ವಿಭಾಗದವರು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಹೆಸ್ಟರ್ ಊಟ ಕಡಿಮೆ ಮಾಡಿದಳು. ಫೋನು ಬಂದರೆ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳು.

ಒಂದು ಬುಧವಾರ ಅವಳು ಹೇಳಿದಳು: “ಶುಕ್ರವಾರ ರಜೆ ಹಾಕಿದ್ದೀನಿ. ಮನೇಲೇ ಇರ್ತೀನಿ.”

ಹತ್ತೊಂಬತ್ತು ವರ್ಷದಲ್ಲಿ ಕಾರಣವಿಲ್ಲದೆ ರಜೆ ಹಾಕಿದವಳಲ್ಲ.

ಶುಕ್ರವಾರ ಹನ್ನೊಂದಕ್ಕೆ ವಜಾ ಪತ್ರ ಬಂತು. ಡಂಕನ್ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದ. ಹೆಸ್ಟರ್ ಆಗಲೇ ಅವನ ಪಕ್ಕ ನಿಂತಿದ್ದಳು. ಪತ್ರದಲ್ಲಿ ಏನಿದೆಯೆಂದು ಕೇಳಲಿಲ್ಲ.

“ಇವತ್ತೇ ಬರುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?”

ಅವಳು ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟಳು.

“ಯಾರ ಹತ್ತಿರ ಮಾತಾಡ್ತಿದ್ದೀಯ ನೀನು?”

“ಕಾಲಿನ್‌ಗೆ ಕಾಗದಗಳನ್ನ ತೋರಿಸು,” ಅಂದಳು ಅವಳು. “ಎಲ್ಲಾನೂ. ಮೊದಲನೇದರಿಂದ.”

ಕಾಲಿನ್ ಅಧ್ಯಾಪಕರ ಸಂಘದವನು. ಆದರೆ ಕಾಗದಗಳಿವೆಯೆಂದು ಇವಳಿಗೆ ಹೇಳಿದವರು ಯಾರು? ಡಂಕನ್ ಅಂದೇ ತನ್ನ ದಿಂಬು ಹೊದಿಕೆಯನ್ನು ಹಿಂದಿನ ಕೋಣೆಗೆ ಸಾಗಿಸಿದ. ಮೂವತ್ತು ವರ್ಷ ಒಂದೇ ತಟ್ಟೆಯಲ್ಲಿ ಚಿಪ್ಸ್ ಹಂಚಿಕೊಂಡು ತಿಂದವಳ ಮೇಲೆ ಕಣ್ಣಿಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಅವನಿಗೆ ಅದೇ ಸಾಕ್ಷಿಯಾಗಿ ಕಂಡಿತು.

ಆದರೂ ಕಾಗದಗಳನ್ನು ಕಾಲಿನ್‌ಗೆ ಕೊಟ್ಟ; ಸಂಘ ವಜಾದ ವಿರುದ್ಧ ದೂರು ಹಾಕಿತು. ನ್ಯಾಯಮಂಡಳಿಯ ಮುಂದೆ ಡಂಕನ್ ಹುಲ್ಲಿನ ಚಿತ್ರಗಳನ್ನು ಬಿಡಿಸಿಟ್ಟ. ಇಪ್ಪತ್ತೆರಡು ವರ್ಷದ ಲೆಕ್ಕ. ಸದಸ್ಯೆ ಕನ್ನಡಕ ತೆಗೆದು ಸೌಮ್ಯವಾಗಿಯೇ ಹೇಳಿದಳು: “ಪ್ರೊಫೆಸರ್, ಹುಲ್ಲಿನ ವಿಷಯ ನಮಗೆ ಸಂಬಂಧಪಟ್ಟಿದ್ದಲ್ಲ. ಅದನ್ನ ಎತ್ತಿಡಿ.”

ಅವನು ಒಂದೊಂದಾಗಿ ಎತ್ತಿಟ್ಟ. 

ಆಗ ಕಾಲಿನ್ ಮೊದಲನೆಯ ಪತ್ರವನ್ನು ಮುಂದೆ ತಳ್ಳಿದ. ಅಧ್ಯಾಪಕರ ಸೇವಾ ಒಪ್ಪಂದದ ಪ್ರಕಾರ ಆರೋಪಿಗೆ ಉತ್ತರಿಸಲು ಹತ್ತು ದಿನ ಕೊಡಬೇಕು. ಪತ್ರದಲ್ಲಿದ್ದದ್ದು ಐದು. ಕುಲಸಚಿವರು ತಮ್ಮ ಸಹಿಯನ್ನೇ ಬೆಪ್ಪಾಗಿ ನೋಡುತ್ತ ಕೂತರು. ಮಧ್ಯಾಹ್ನದ ಹೊತ್ತಿಗೆ ವಜಾ ರದ್ದಾಯಿತು.

“ಗೆದ್ದೆ ಮಾರಾಯ!” ಕಾಲಿನ್ ಮೆಟ್ಟಿಲ ಮೇಲೆ ಅವನ ಬೆನ್ನಿಗೆ ಗುದ್ದಿದ. “ಅವರ ದಡ್ಡತನಕ್ಕೊಂದು ನಮಸ್ಕಾರ ಹಾಕು.”

ಗೆದ್ದದ್ದು ಕುರ್ಚಿ ಮಾತ್ರ. ಕೊಲ್ಲಿಯ ಬಗ್ಗೆ ಮಾತಾಡಬಾರದೆಂಬ ಆದೇಶ ಹಾಗೇ ಉಳಿಯಿತು. ಮುಂದಿನ ಸೋಮವಾರ ಹೂಳೆತ್ತುವ ಹಡಗು ಬಂತು. ಡಂಕನ್ ದಂಡೆಯಲ್ಲಿ ನಿಂತು ನೋಡಿದ. ನೀಲಿ ನೀರು ಕಂದಾಯಿತು, ಕಂದು ಹರಡಿತು. ಪಕ್ಕದಲ್ಲಿ ಗಾಳ ಹಾಕಿದ್ದ ಮುದುಕ ಕೇಳಿದ, “ಒಳ್ಳೇದಾ ಇದು, ಪ್ರೊಫೆಸರ್?” ಡಂಕನ್ ಬಾಯಿ ತೆರೆದ, ಮುಚ್ಚಿದ, ಮನೆಯ ಕಡೆ ನಡೆದ.

ಹೆಸ್ಟರ್ ಹೊತ್ತಿಗೆ ಮೊದಲೇ ಬಂದಿದ್ದಳು. ಅಡುಗೆಮನೆಯ ಮೇಜಿನ ಮೇಲೊಂದು ರಟ್ಟಿನ ಪೆಟ್ಟಿಗೆ. ಒಳಗೆ ಅವಳ ಕಚೇರಿಯ ಲೋಟ, ಸ್ವೆಟರ್, ಬಾಡಿದ ಗಿಡ.

“ಏನಿದು?”

“ತೆಗೆದುಹಾಕಿದ್ರು.”

“ಹತ್ತೊಂಬತ್ತು ವರ್ಷ ಆದಮೇಲೆ? ಯಾಕೆ?”

ಅವಳು ಅಂದು ಮೊದಲ ಬಾರಿ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ವಿಶ್ವವಿದ್ಯಾಲಯದ ಪತ್ರಗಳೆಲ್ಲ ನಮ್ಮ ಕಚೇರಿಯಲ್ಲೇ ತಯಾರಾಗ್ತಿದ್ದವು, ಡಂಕನ್. ವಕೀಲರು ‘ಹತ್ತು ದಿನ’ ಅಂತ ಬರೆದುಕೊಟ್ಟಿದ್ದನ್ನ ‘ಐದು’ ಅಂತ ಟೈಪ್ ಮಾಡಿದವಳು ನಾನು.”