ಡುಬ್ಬದ ಜಿಂಕೆ

ಕಿನ್ನಾಳದ ಗೊಂಬೆ ಮಾಡುವ ರೂಪಾ, ಮಗಳು ಅಂಜಲಿ ಮಾಡಿದ ಹೊಸ ಪ್ರಾಣಿಯ ಬೆನ್ನಿಗೆ ಉಳಿ ಹಚ್ಚಿದಳು. ಜಿಂಕೆಯ ಕಾಲು, ಕರಡಿಯ ಮೂತಿ, ಮೊಲದ ಕಿವಿ ಎಲ್ಲ ನಂಬುವ ಹಾಗೇ ಇದ್ದವು. ಡುಬ್ಬ ಮಾತ್ರ ಅತಿಯಾಗಿತ್ತು.

“ಯವ್ವಾ, ಕೆತ್ತಬ್ಯಾಡ!” ದಿಂಬಿಗೊರಗಿದ್ದ ಅಂಜಲಿ ಅಷ್ಟು ಹೇಳುವುದರಲ್ಲೇ ಏದುಸಿರು ಬಿಟ್ಟಳು. ಅವಳ ಹೃದಯಕ್ಕೆ ಇನ್ನು ಮದ್ದಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದರು.

“ಇಷ್ಟು ಭಾರ ಹೊತ್ತು ಹೆಂಗ ಓಡತೈತಿ, ಹುಚ್ಚಿ? ಒಂಟಿಯಂಗ ನೀರು ತುಂಬ್ಕೊಂಡೈತೇನು?”

“ನೀರಲ್ಲಬೇ, ಉಸಿರು. ದಮ್ಮು ಹತ್ತಿದಾಗ ಅದರಾಗಿಂದ ತಗೊಂತೈತಿ.”

ರೂಪಾ ಉಳಿ ಕೆಳಗಿಟ್ಟಳು. ಮರದ ಪುಡಿಗೆ ಹುಣಸೆ ಬೀಜದ ಅಂಟು ಕಲಸಿದ ಮುದ್ದೆಯನ್ನು ಬೆರಳಲ್ಲಿ ತೆಗೆದು, ಕೆತ್ತಿದ ಜಾಗ ತುಂಬಿದಳು. ತುಂಬಿದ ಮೇಲೂ ಬೆರಳು ನಿಲ್ಲಲಿಲ್ಲ.

“ಸಾಕು ಬಿಡಬೇ, ಕಾಲು ಮುರಿದೀತು” ಎಂದು ಅಂಜಲಿ ನಕ್ಕಳು.

ರೂಪಾ ತಲೆ ಎತ್ತದೆ ಡುಬ್ಬಕ್ಕೆ ಮತ್ತಷ್ಟು ಮೆತ್ತುತ್ತಲೇ ಇದ್ದಳು.